ಹೊಸಬರಿಗೆ ಮಾರ್ಗದರ್ಶಿ: ಅರ್ಧ ಮನೆಗೆ ಮಾತ್ರ ಕರೆಂಟ್ ಇದ್ದರೆ

ಊರಲ್ಲಿ ಕರೆಂಟ್ ಹೋದ ಕೂಡಲೇ ನಾವು ಮಾಡುತ್ತಿದ್ದ ಮೊದಲ ಕೆಲಸ ಪಕ್ಕದ ಮನೆ ಕಿಟಕಿ ನೋಡೋದು. ಅಮೆರಿಕಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಡಬೇಡಿ. ಬೀದಿಗೆ ಬೀದಿಯೇ ಕತ್ತಲಾಗಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ, ಫ್ರಿಜ್ ಬಾಗಿಲು ಮುಚ್ಚಿಟ್ಟು ಕಾಯಿರಿ. ಬಾಗಿಲು ತೆಗೆಯದಿದ್ದರೆ ಒಳಗಿನ ಹಾಲು, ಹುಳಿ ಸುಮಾರು 4 ಗಂಟೆ ತಡೆಯುತ್ತವೆ. ಪಕ್ಕದವರ ಟಿವಿ ಓಡುತ್ತಿದ್ದು ನಿಮ್ಮಲ್ಲಿ ಮಾತ್ರ ಕತ್ತಲೆಯಾದರೆ ಮುಂದೆ ಓದಿ.

ಬಾಡಿಗೆ ಮನೆಯಾದರೆ ಮಾಲೀಕರಿಗೋ ಅಪಾರ್ಟ್‌ಮೆಂಟಿನ ತುರ್ತು ನಂಬರಿಗೋ ಫೋನ್ ಮಾಡಿ. ರಿಪೇರಿ ಅವರ ಕೆಲಸ.

ಸ್ವಂತ ಮನೆಯಾದರೆ ಪ್ಯಾನೆಲ್ ಎಲ್ಲಿದೆ ಅಂತ ಮೊದಲ ವಾರವೇ ಹುಡುಕಿಡಿ. ಮನೆಯ ಬ್ರೇಕರ್‌ಗಳೆಲ್ಲ (ನಮ್ಮೂರಿನ ಎಂಸಿಬಿಯಂಥ ಸ್ವಿಚ್‌ಗಳು) ಇರುವ ಬೂದು ಬಣ್ಣದ ತಗಡಿನ ಪೆಟ್ಟಿಗೆ ಅದು. ಗ್ಯಾರೇಜ್, ಬೇಸ್‌ಮೆಂಟ್, ಕೆಲವು ಕಡೆ ಮನೆಯ ಹೊರಗೋಡೆಯಲ್ಲಿ ಇರುತ್ತದೆ. 100 ಅಥವಾ 200 ಅಂತ ಬರೆದಿರುವ ದಪ್ಪ ಹಿಡಿಯೇ ಮೇನ್ ಬ್ರೇಕರ್. ಟ್ರಿಪ್ ಆದ, ಅಂದರೆ ತಾನಾಗಿಯೇ ಬಿದ್ದ ಬ್ರೇಕರ್ ಸಾಮಾನ್ಯವಾಗಿ ನಡುವೆ ನಿಂತಿರುತ್ತದೆ. ಅದನ್ನು ನೇರವಾಗಿ ಆನ್ ಕಡೆಗೆ ತಳ್ಳಿದರೆ ಕೂರುವುದಿಲ್ಲ. ಮೊದಲು ಪೂರ್ತಿ ಆಫ್, ಆಮೇಲೆ ಆನ್. ಮೇನ್ ಬಿದ್ದಿದ್ದರೆ ಚಿಕ್ಕ ಬ್ರೇಕರ್‌ಗಳನ್ನೆಲ್ಲ ಆಫ್ ಮಾಡಿ, ಮೇನ್ ಹಾಕಿ, ಒಂದೊಂದಾಗಿ ಮೇಲೆತ್ತಿ. ಒಂದು ಸಲ ಮಾತ್ರ. ಮತ್ತೆ ಬಿದ್ದರೆ ಹಟ ಬೇಡ. ಪೆಟ್ಟಿಗೆಯಿಂದ ಸುಟ್ಟ ವಾಸನೆ ಅಥವಾ ಗುಂಯ್ ಸದ್ದು ಬಂದರೆ ಮುಟ್ಟಲೇಬೇಡಿ, ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಇಷ್ಟು ಸುಲಭದ ಕೇಸು. ಹೊಸಬರನ್ನು ದಿಕ್ಕು ತಪ್ಪಿಸುವುದು ಅರ್ಧ ಮನೆಗೆ ಕರೆಂಟ್ ಇದ್ದು ಇನ್ನರ್ಧಕ್ಕೆ ಇಲ್ಲದಿರುವುದು.

ಬೆಂಗಳೂರಿನಲ್ಲಿ ತ್ರೀ ಫೇಸ್ ಮನೆಯಲ್ಲಿದ್ದವರಿಗೆ ‘ಒಂದು ಫೇಸ್ ಹೋಗಿದೆ’ ಅನ್ನುವ ಮಾತು ಹೊಸದಲ್ಲ. ಇಲ್ಲಿಯದೂ ಅದರ ತಮ್ಮನೇ. ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಕರೆಂಟ್ ತರುವ ಎರಡು ಲೈವ್ ತಂತಿ, ಅದು ಮರಳಲು ಒಂದು ನ್ಯೂಟ್ರಲ್ ತಂತಿ ಬರುತ್ತವೆ. ಒಂದೊಂದು ಲೈವ್‌ನಿಂದ ನ್ಯೂಟ್ರಲ್‌ಗೆ 120 ವೋಲ್ಟ್, ಎರಡು ಲೈವ್‌ಗಳ ನಡುವೆ 240. ದೀಪ, ಪ್ಲಗ್‌ಗಳು ಎರಡು ಲೈವ್‌ಗಳಿಗೆ ಹಂಚಿಹೋಗಿರುತ್ತವೆ. ಕರೆಂಟ್ ಒಲೆ, ಡ್ರೈಯರ್, ದೊಡ್ಡ ಎಸಿಗೆ ಎರಡೂ ಬೇಕು. ಮೇನ್ ಬ್ರೇಕರಿನೊಳಗೆ ಎರಡು ಜೋಡಿ ಸಂಪರ್ಕಗಳಿರುತ್ತವೆ. ಅದರಲ್ಲೊಂದು ಸುಟ್ಟರೂ ಹಿಡಿ ಮಾತ್ರ ಆನ್‌ನಲ್ಲೇ ಕೂತಿರುತ್ತದೆ! ಕಂಪನಿಯ ತಂತಿ ತುಂಡಾದರೂ, ಮೀಟರ್ ಪೆಟ್ಟಿಗೆಯಲ್ಲಿ ಸಂಪರ್ಕ ಕೆಟ್ಟರೂ ಲಕ್ಷಣ ಇದೇ.

ನಮ್ಮ ಮನೆಯಲ್ಲಿ ಹೀಗಾಗಿದ್ದು ಮೊದಲ ಚಳಿಗಾಲದಲ್ಲಿ. ಅಡುಗೆಮನೆ ಬೆಳಗುತ್ತಿತ್ತು, ಮಲಗುವ ಕೋಣೆಗಳು ಕತ್ತಲು, ಹೀಟರ್ ನಿಂತಿತ್ತು. ಹೊಟ್ಟೆಗಾದರೂ ಏನಾದರೂ ಆಗಲಿ ಅಂತ ರೊಟ್ಟಿಗೆ ಒಲೆ ಹಚ್ಚಿದೆ. ಒಲೆ ಕೆಂಪಾಗಲಿಲ್ಲ, ಆದರೆ ಸತ್ತಿದ್ದ ಕೋಣೆಯ ದೀಪ ಮಿಣ ಮಿಣ ಅಂತ ಹತ್ತಿಕೊಂಡಿತು. ಒಲೆ ಆರಿಸಿದರೆ ಅದೂ ಆರಿತು. ದೆವ್ವವಲ್ಲ ಮಾರಾಯ್ರೇ, ಒಲೆಯ ಸುರುಳಿಯ ಮೂಲಕ ಒಂದು ಲೈವ್‌ನ ಕರೆಂಟ್ ಇನ್ನೊಂದರ ಕಡೆಗೆ ನುಸುಳುತ್ತಿತ್ತು. ಹೀಗೆ ಕಂಡರೆ ಒಂದು ಲೈವ್ ಹೋಗಿದೆ ಅಂತಲೇ ಲೆಕ್ಕ. ಒಲೆ, ಡ್ರೈಯರ್ ಆಫ್ ಮಾಡಿಬಿಡಿ. ಪರೀಕ್ಷೆ ಅಂತ ಮತ್ತೆ ಮತ್ತೆ ಹಚ್ಚಬೇಡಿ.

ನಾನು ಮೊದಲು ಕರೆದಿದ್ದು ಎಲೆಕ್ಟ್ರಿಷಿಯನ್‌ನ. ತಪ್ಪು ಅದೇ. ಮೊದಲು ವಿದ್ಯುತ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ, ‘ಅರ್ಧ ಮನೆಗೆ ಪವರ್ ಇದೆ, ಅರ್ಧಕ್ಕೆ ಇಲ್ಲ’ ಎಂದು ಸರಿಯಾಗಿ ಇದೇ ಮಾತು ಹೇಳಿ. ಅವರ ಲೈನ್‌ಮನ್ ಬಂದು ಮೀಟರ್ ಹತ್ತಿರ ಎರಡೂ ಲೈವ್ ಅಳೆಯುತ್ತಾರೆ. ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೇಳುವುದಿಲ್ಲ. ಅಲ್ಲಿವರೆಗೆ ಎರಡೂ ಸರಿ ಬಂದಿದ್ದರೆ ಆಗ ಮೇನ್ ಬ್ರೇಕರ್ ಮೇಲೆ ಅನುಮಾನ, ಆಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ನಮ್ಮದು ಬ್ರೇಕರೇ ಆಗಿತ್ತು. ತೆಗೆದು ತೋರಿಸಿದರು, ಒಂದು ಬದಿ ಕಾವಲಿ ತಳದ ಹಾಗೆ ಕರ್ರಗಾಗಿತ್ತು.

ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಸಡಿಲವಾಗುವುದು. ಕೆಲವು ದೀಪ ಕಣ್ಣು ಕುಕ್ಕುವಷ್ಟು ಜಾಸ್ತಿ ಉರಿಯುತ್ತವೆ, ಕೆಲವು ಮಂಕಾಗುತ್ತವೆ. ಟಿವಿ, ಫ್ರಿಜ್ ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು. ಕೂಡಲೇ ಮೇನ್ ಆಫ್ ಮಾಡಿ, ಕಂಪನಿಗೆ ಫೋನ್ ಮಾಡಿ.

ಯೂಟ್ಯೂಬ್ ನೋಡಿ ಪ್ಯಾನೆಲ್ಲಿನ ಒಳಮುಚ್ಚಳ ಬಿಚ್ಚುವ ಧೈರ್ಯ ಬೇಡ. ಊರಲ್ಲಿ ಫ್ಯೂಸ್ ಕಟ್ಟಿದ ಕೈ ಇದು ಅಂತೀರಿ, ಅಲ್ವಾ? ಊರಲ್ಲಿ ಫ್ಯೂಸ್ ಕಿತ್ತರೆ ಅದು ಕೈಗೇ ಬರುತ್ತಿತ್ತು. ಇಲ್ಲಿ ಮೇನ್ ಆಫ್ ಮಾಡಿದರೂ ಅದಕ್ಕೆ ಕಂಪನಿ ಕಡೆಯಿಂದ ಬರುವ ತಂತಿಗಳು ಜೀವಂತ. ಮೇನ್ ಬ್ರೇಕರ್ ಬದಲಿಸಲು ಸಾಮಾನ್ಯವಾಗಿ ಕಂಪನಿಯವರೇ ಹೊರಗಿನಿಂದ ಕರೆಂಟ್ ನಿಲ್ಲಿಸಬೇಕು, ಎಷ್ಟೋ ಊರುಗಳಲ್ಲಿ ಪರ್ಮಿಟ್ ಕೂಡ ಬೇಕು. ಜನರೇಟರ್ ತಂದರೆ ಮನೆಯಿಂದ ಕನಿಷ್ಠ 20 ಅಡಿ ದೂರ ಇಡಿ, ಗ್ಯಾರೇಜಿನೊಳಗೆ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಕಂಪನಿಯ ತುರ್ತು ನಂಬರನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿಡಿ, ಪಕ್ಕದಲ್ಲೊಂದು ಟಾರ್ಚ್. ಯಾವ ಬ್ರೇಕರ್ ಯಾವ ಕೋಣೆಗೆ ಅಂತ ಒಂದು ಭಾನುವಾರ ಕೂತು ನೀವೇ ಬರೆಯಿರಿ. ನಮ್ಮದರಲ್ಲಿ ಹಳೆಯ ಮಾಲೀಕರು ಪೆನ್ಸಿಲ್‌ನಲ್ಲಿ ‘ಹೊಲಿಗೆ ಕೋಣೆ’ ಅಂತ ಬರೆದಿದ್ದರು. ಅದು ನಮ್ಮ ದೇವರ ಮನೆ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.