ಕುರ್ಚಿ ಹೊತ್ತವರ ಕೈಗೆ ಲೆಕ್ಕದ ಪುಸ್ತಕ

ಯುವಜನರ ಜೊತೆ ಕೆಲಸಕ್ಕಿಳಿದ ಮೊದಲ ವರ್ಷ ನಾನು ನಡೆಸಿದ ಸಭೆಗಳ ಫೋಟೋಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ವೇದಿಕೆಯ ಮೇಲೆ ಹಿರಿಯರು, ಮೈಕಿನ ಮುಂದೆ ನಾನು, ಹಿಂದಿನ ಸಾಲುಗಳಲ್ಲಿ ಮೊಬೈಲ್ ನೋಡುತ್ತ ಕುಳಿತ ಹುಡುಗ ಹುಡುಗಿಯರು. ಬೆಳಿಗ್ಗೆ ಕುರ್ಚಿ ಜೋಡಿಸಿದವರೂ ಅವರೇ, ಸಂಜೆ ಎತ್ತಿಟ್ಟವರೂ ಅವರೇ. ವರದಿಯಲ್ಲಿ ಮಾತ್ರ ‘ಯುವಜನರು ಸಕ್ರಿಯವಾಗಿ ಭಾಗವಹಿಸಿದರು’ ಎಂದು ಬರೆದಿದ್ದೆ. ಮೂರನೆಯ ಸಭೆಗೆ ಅರ್ಧದಷ್ಟು ಮಂದಿ ಬರಲಿಲ್ಲ. ಈಗಿನವರಿಗೆ ಊರಿನ ಚಿಂತೆಯೇ ಇಲ್ಲ ಎಂದು ನಾನೂ ಎಲ್ಲರ ಹಾಗೆ ಗೊಣಗಿದೆ.

ಆ ಹೊತ್ತಿಗೆ ಸಂಶೋಧಕ ರೋಜರ್ ಹಾರ್ಟ್ ಅವರ ಏಣಿ ನನ್ನ ಕಣ್ಣಿಗೆ ಬಿತ್ತು. 1992ರಲ್ಲಿ ಯುನಿಸೆಫ್‌ಗಾಗಿ ಬರೆಯುವಾಗ ಅವರು ಎಳೆಯರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳಾಗಿ ತೋರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳಾದ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು ಮತ್ತು ನಾಮಕಾವಸ್ತೆಗೆ ಸೇರಿಸಿಕೊಳ್ಳುವುದು ಅವರ ಪ್ರಕಾರ ಭಾಗವಹಿಸುವಿಕೆಯೇ ಅಲ್ಲ. ನನ್ನ ಸಭೆ ಎಲ್ಲಿ ನಿಂತಿದೆ ಎಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ.

ಸಭೆ ನಿಲ್ಲಿಸಿ ನಡೆಯಲು ಶುರುಮಾಡಿದೆವು. ವಾರಕ್ಕೊಂದು ಸಂಜೆ ಓಣಿ ಓಣಿ ಸುತ್ತಿ, ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ನಕ್ಷೆ ಮಾಡುವುದು. ಮೊದಲ ದಿನ ಪೆನ್ನೆಲ್ಲ ಹುಡುಗರ ಕೈಯಲ್ಲಿತ್ತು. ಎರಡನೆಯ ವಾರ ಹುಡುಗಿಯರಿಗೆ ಬೇರೆ ಹಾಳೆ ಕೊಟ್ಟೆ. ಒಂದೇ ಊರಿನ ಎರಡು ನಕ್ಷೆಗಳು ಬಂದವು. ಹುಡುಗರ ನಕ್ಷೆಯ ನಡುವೆ ಆಟದ ಮೈದಾನವಿತ್ತು. ಹುಡುಗಿಯರ ನಕ್ಷೆಯಲ್ಲಿ ಬಸ್ ನಿಲ್ದಾಣದಿಂದ ಮನೆಗೆ ಬರುವ ದಾರಿಯ ಒಂದು ಭಾಗವನ್ನು ಪೂರ್ತಿ ಕಪ್ಪು ಬಳಿದಿದ್ದರು. ಅಲ್ಲಿ ದೀಪ ಉರಿಯುತ್ತಿರಲಿಲ್ಲ. ಅದೇ ದಾರಿಯಲ್ಲಿ ವರ್ಷಗಳಿಂದ ಓಡಾಡಿದ ನನಗೆ ಅದು ಕಂಡಿರಲೇ ಇಲ್ಲ. ಉಪಾಯವೇನೂ ನನ್ನದಲ್ಲ. ಕೀನ್ಯಾದ ರಾಜಧಾನಿ ನೈರೋಬಿಯ ಕಿಬೆರಾ ಎಂಬ ಕೊಳೆಗೇರಿಯಲ್ಲಿ 2009ರಲ್ಲಿ ಅಲ್ಲಿನ ಯುವಜನರೇ ಜಿಪಿಎಸ್ ಹಿಡಿದು ತಮ್ಮ ಬಡಾವಣೆಯನ್ನು ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬರೆದಿದ್ದರು. ಅಲ್ಲಿಯವರೆಗೆ ನಕ್ಷೆಗಳಲ್ಲಿ ಆ ಜಾಗ ಖಾಲಿಯಾಗಿಯೇ ಇತ್ತು.

ನಮ್ಮ ಹುಡುಗ ಹುಡುಗಿಯರು ಆ ಕಪ್ಪು ದಾರಿಯ ದೀಪಕ್ಕಾಗಿ ಅರ್ಜಿ ಹಾಕಿದರು. ‘ದಯವಿಟ್ಟು ಬೀದಿದೀಪ ಹಾಕಿಸಿ’ ಎಂಬ ಮೊದಲ ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡನೆಯದರಲ್ಲಿ ಕಂಬಗಳ ಸಂಖ್ಯೆ, ಯಾವ ದಿನ ನೋಡಿದಾಗ ಯಾವುದು ಆರಿತ್ತು, ರಾತ್ರಿ ಆ ದಾರಿಯಲ್ಲಿ ಎಷ್ಟು ಮಂದಿ ನಡೆಯುತ್ತಾರೆ ಎಂಬುದೆಲ್ಲ ಇತ್ತು. ಜೊತೆಗೆ ನಕ್ಷೆ. ಈ ಸಲ ಉತ್ತರ ಬಂತು: ಎರಡು ಕಂಬಗಳಿಗೆ ಆಗುತ್ತದೆ, ಮೂರನೆಯದಕ್ಕೆ ಈ ವರ್ಷ ಆಗುವುದಿಲ್ಲ, ಕಾರಣ ಇಂಥದು. ಆ ‘ಆಗುವುದಿಲ್ಲ’ಕ್ಕೆ ಹುಡುಗರು ಬೇಸರಪಡುತ್ತಾರೆಂದು ನಾನು ಹೆದರಿದ್ದೆ. ಬೇಸರವೇನೂ ಇಲ್ಲದೆ ಮುಂದಿನ ವರ್ಷದ ಅರ್ಜಿಗೆ ತಾರೀಕು ಗುರುತು ಹಾಕಿಕೊಂಡರು. ಅವರನ್ನು ಓಡಿಸುವುದು ನಿರಾಕರಣೆಯಲ್ಲ, ಮೌನ.

ದುಡ್ಡಿನ ವಿಷಯ ಎತ್ತಿದಾಗ ನಿಜವಾದ ಜಗಳ ಶುರುವಾಯಿತು. ಚಿಕ್ಕದೊಂದು ಮೊತ್ತವನ್ನು ಯುವಜನರೇ ತೀರ್ಮಾನಿಸಿ ಖರ್ಚು ಮಾಡಲಿ ಎಂದೆ. ‘ಹಾಳುಮಾಡಿದರೆ?’ ಎಂಬ ಪ್ರಶ್ನೆ ಎಲ್ಲ ಕಡೆಯಿಂದ ಬಂತು. ಹಾಳುಮಾಡುವುದಕ್ಕೆ ದೊಡ್ಡವರಿಗೆ ಮಾತ್ರ ಗುತ್ತಿಗೆಯೇ ಎಂಬ ಮಾತು ಬಾಯಿತನಕ ಬಂದದ್ದನ್ನು ನುಂಗಿಕೊಂಡು ಅಮೆರಿಕದ ಬಾಸ್ಟನ್ ನಗರದ ಉದಾಹರಣೆ ಕೊಟ್ಟೆ. ಅಲ್ಲಿ 2014ರಲ್ಲಿ ನಗರದ ಬಜೆಟ್ಟಿನ 10 ಲಕ್ಷ ಡಾಲರ್ ಯಾವ ಕೆಲಸಕ್ಕೆ ಹೋಗಬೇಕೆಂದು 12ರಿಂದ 25 ವರ್ಷದವರು ಮತ ಹಾಕಿದ್ದರು. ನಾವು ಕೇಳಿದ್ದು ಅದರ ಮುಂದೆ ಚಿಲ್ಲರೆ. ಪ್ರತಿ ಬಿಲ್ಲನ್ನೂ ಸೂಚನಾ ಫಲಕಕ್ಕೆ ಅಂಟಿಸಬೇಕು, ಆರು ತಿಂಗಳಿಗೊಮ್ಮೆ ಖಜಾಂಚಿ ಬದಲಾಗಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮೊದಲ ಕೆಲಸವೇ ಕೆಟ್ಟಿತು. ರಸ್ತೆಬದಿಯಲ್ಲಿ ಸಸಿ ನೆಟ್ಟರು, ಪರೀಕ್ಷೆಯ ತಿಂಗಳಲ್ಲಿ ಯಾರು ನೀರು ಹಾಕಬೇಕೆಂದು ಯೋಚಿಸಿರಲಿಲ್ಲ. ಮುಕ್ಕಾಲು ಪಾಲು ಒಣಗಿದವು. ನನಗೆ ಅದು ಮೊದಲೇ ಹೊಳೆದಿತ್ತು, ಹೇಳಬೇಕೋ ಬೇಡವೋ ಎಂದು ಒದ್ದಾಡಿ ಸುಮ್ಮನಿದ್ದೆ. ಈಗಲೂ ಅದು ಸರಿಯೋ ತಪ್ಪೋ ಗೊತ್ತಿಲ್ಲ. ಲೆಕ್ಕ ಒಪ್ಪಿಸುವ ದಿನ ಖಜಾಂಚಿ ಹುಡುಗಿ ಎದ್ದು ಸಸಿ ಒಣಗಿದ್ದನ್ನೂ ಓದಿದಳು. ಹಿರಿಯರೊಬ್ಬರು ಎದ್ದರು. ನನ್ನ ಎದೆ ಹೊಡೆದುಕೊಂಡಿತು. ಅವರು ಕೇಳಿದ್ದು ಇಷ್ಟೇ: ‘ಪೈಪಿನ ಬಿಲ್ಲು ಎರಡು ಕಡೆ ಯಾಕಮ್ಮ ಇದೆ?’ ನಿಜಕ್ಕೂ ಎರಡು ಸಲ ಬರೆದಿತ್ತು. ಅವಳು ಅಲ್ಲಿಯೇ ಗೀಟು ಎಳೆದು ಮೊತ್ತ ತಿದ್ದಿದಳು. ಮೊದಲ ಸಲ ಆ ಊರಿನಲ್ಲಿ ಎಳೆಯರನ್ನು ಯಾರೋ ಹೊಗಳದೆ, ಬೈಯದೆ, ಲೆಕ್ಕ ಕೇಳಿದ್ದರು.

ಇನ್ನೊಂದು ತೊಡಕು ವಯಸ್ಸಿನದು. ಕಲಿತು ಕೈಗೆ ಬರುವಷ್ಟರಲ್ಲಿ ಓದಿಗೋ ಕೆಲಸಕ್ಕೋ ಹೊರಟುಬಿಡುತ್ತಾರೆ. ಅದಕ್ಕೇ ಪ್ರತಿ ಹೊಣೆಗೂ ಇಬ್ಬರು, ಅವರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಮೂರು ನಾಲ್ಕು ವರ್ಷ ಚಿಕ್ಕವರು.

ಬಗೆಹರಿಯದೆ ಉಳಿದಿರುವುದು ಬೇರೆಯೇ. ನಮ್ಮ ಗುಂಪಿಗೆ ಬರುವವರೆಲ್ಲ ಓದುತ್ತಿರುವವರು. ಓದು ಬಿಟ್ಟು ದುಡಿಯುವವರು ಬರುವುದಿಲ್ಲ. ಅವರಿಗಾಗಿ ಸಭೆಯನ್ನು ರಾತ್ರಿಗೆ ಹಾಕಿದರೆ ಹುಡುಗಿಯರು ತಪ್ಪುತ್ತಾರೆ, ಸಂಜೆಗೆ ಹಾಕಿದರೆ ದುಡಿಯುವವರು. ಸದ್ಯಕ್ಕೆ ಯಾವುದೇ ತೀರ್ಮಾನಕ್ಕೆ ಮೊದಲು ಇಬ್ಬರು ಪುಸ್ತಕ ಹಿಡಿದು ಗ್ಯಾರೇಜಿಗೂ ಹೊಲಿಗೆ ಕೆಲಸ ನಡೆಯುವಲ್ಲಿಗೂ ಹೋಗಿ, ಊಟದ ಬಿಡುವಿನಲ್ಲಿ ಕೇಳಿ ಬರೆದುಕೊಂಡು ಬರುತ್ತಾರೆ.