ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಮತ್ತು ಹಾರಾಟದ ಅವಧಿ ಲೆಕ್ಕ ಹಾಕುವುದು ಹೇಗೆ?

ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಎರಡು ದೂರದ ವಿಮಾನ ನಿಲ್ದಾಣಗಳ ಅಂತರ ಅಳೆದರೆ ಲೆಕ್ಕ ತಪ್ಪುತ್ತದೆ. ಬದಲಿಗೆ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಉತ್ತರಕ್ಕೇರಿ ಚೀನಾ, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಮಹಾವೃತ್ತದ ಹಾದಿ ಎನ್ನುವುದು ಇದಕ್ಕೇ. ಗೋಳದ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಇನ್ನು ಅಂಕಿಗಳು. ಕೆಂಪೇಗೌಡ ನಿಲ್ದಾಣವು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವು 37.6 ಉತ್ತರ, 122.4 ಪಶ್ಚಿಮದಲ್ಲಿದೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಬೇಕು. ಮೊತ್ತ 200.1, ಇದು 180ನ್ನು ಮೀರಿರುವುದರಿಂದ 360ರಿಂದ ಕಳೆದು 159.9 ಎಂದು ಇಟ್ಟುಕೊಳ್ಳಿ. ಈಗ ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಬಂದದ್ದನ್ನು ಕೂಡಿಸಿ. ಉತ್ತರ ಮೈನಸ್ 0.585. ಕ್ಯಾಲ್ಕುಲೇಟರಿನಲ್ಲಿ ಇದರ ವಿಲೋಮ ಕೊಸೈನ್ ತೆಗೆದರೆ 125.8 ಡಿಗ್ರಿ ಸಿಗುತ್ತದೆ. ಒಂದು ಡಿಗ್ರಿಗೆ 111.2 ಕಿಲೋಮೀಟರ್‌ನಂತೆ ದೂರ ಸುಮಾರು 13,990 ಕಿ.ಮೀ.

ಸಮಯದ ಲೆಕ್ಕ ಇಷ್ಟು ಸರಳವಲ್ಲ. ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ, ಆದರೆ ಟಿಕೆಟ್ಟಿನಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ. ವಿಮಾನ ನೆಲದಲ್ಲಿ ಸಾಗುವ ಹೊತ್ತು ಮತ್ತು ಏರಿಳಿಯುವಾಗಿನ ಕಡಿಮೆ ವೇಗವನ್ನು ಅದಕ್ಕೆ ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. ಅದು ಹಿಂದಿನಿಂದ ಬೀಸಿದರೆ ಪ್ರಯಾಣ ಬೇಗ ಮುಗಿಯುತ್ತದೆ, ಎದುರಾದರೆ ತಡವಾಗುತ್ತದೆ. ಆದ್ದರಿಂದಲೇ ವಿಮಾನ ಸಂಸ್ಥೆಗಳು ಅಳತೆಯಲ್ಲಿ ಹತ್ತಿರದ ದಾರಿಯನ್ನು ಬಿಟ್ಟು, ಗಾಳಿ ಅನುಕೂಲವಾಗಿರುವ ದೂರದ ದಾರಿಯನ್ನು ಹಿಡಿಯುವುದುಂಟು. ಮಹಾವೃತ್ತದ ಹಾದಿ ಏರುವುದು ಸುಮಾರು 71 ಡಿಗ್ರಿ ಉತ್ತರದವರೆಗೆ ಮಾತ್ರ. ಆದರೂ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ-ಬೆಂಗಳೂರು ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿತು. ಆ ಹಾರಾಟಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಅಲ್ಲಿ ಜನವರಿ 9ರ ರಾತ್ರಿ 8.30 ಎಂದರೆ ಇಲ್ಲಿ 10ರ ಬೆಳಿಗ್ಗೆ 10 ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ ವಿಮಾನ ಇಳಿಯುವುದು 11ರ ನಸುಕಿನ 3ಕ್ಕೆ. ಬರುವವರನ್ನು ಕರೆತರಲು ದೇವನಹಳ್ಳಿಗೆ ಹೊರಡುವವರು ಟಿಕೆಟ್ಟಿನಲ್ಲಿ ಹೊರಡುವ ದಿನಾಂಕವನ್ನಲ್ಲ, ತಲುಪುವ ದಿನಾಂಕವನ್ನು ನೋಡಬೇಕು.