ಕಲ್ಲಿದ್ದಲು ತೊಳೆದು ಉರಿಸಿದ ನನ್ನ ಅನುಭವ

"ಇದ್ದಲಿ ತೊಳದ್ರ ಬೆಳ್ಳಗ ಆಗ್ತದೇನ್ರಿ ಸಾಹೇಬ್ರ?" ಅಂತ ಹುಬ್ಬಳ್ಳಿಯ ತಾರಿಹಾಳದ ನಮ್ಮ ಪಕ್ಕದ ಶೆಡ್ಡಿನವರು ಕೇಳಿದ್ದರು. ನನಗೆ ಬೆಳ್ಳಗಾಗಬೇಕಿರಲಿಲ್ಲ, ಬೂದಿ ಕಮ್ಮಿಯಾದರೆ ಸಾಕಿತ್ತು. ಈಗ ಅವರೇ ಬಂದು ನನ್ನ ಜಿಗ್‌ನ, ಅಂದರೆ ನೀರನ್ನು ಮೇಲೆ ಕೆಳಗೆ ಕುಲುಕಿ ಇದ್ದಲು, ಕಲ್ಲು ಬೇರೆ ಮಾಡುವ ತೊಟ್ಟಿಯ, ಅಳತೆ ತೆಗೆದುಕೊಂಡು ಹೋಗಿದ್ದಾರೆ.

ನಮ್ಮ ಬಾಯ್ಲರ್‌ಗೆ ಬರುವ ಮಾಲಿನಲ್ಲಿ ಬೂದಿ ಹತ್ತಿರ ಹತ್ತಿರ 39 ಪರ್ಸೆಂಟ್. ಪಾಳಿಗೊಮ್ಮೆ ಕ್ಲಿಂಕರ್ (ಕರಗಿ ಗಟ್ಟಿಯಾದ ಬೂದಿ ಹೆಂಟೆ) ಒಡೆಯುವುದು, ಗ್ರೇಟ್ ಬಾರ್ (ಉರಿಯುವ ಇದ್ದಲನ್ನು ಹೊರುವ ಕಬ್ಬಿಣದ ಸರಳು) ಸುಟ್ಟು ಹೋಗುವುದು ಬಾಯ್ಲರ್ ನಡೆಸುವವರಿಗೆ ಗೊತ್ತಿರುವುದೇ.

ಕಲ್ಲು ಮುಳುಗಿ ಇದ್ದಲು ತೇಲಲಿ ಅಂತ ಮೊದಲು ಉಪ್ಪುನೀರಲ್ಲಿ ಹಾಕಿ ನೋಡಿದೆ. ಎಷ್ಟು ಉಪ್ಪು ಸುರಿದರೂ ನೀರಿನ ಸಾಂದ್ರತೆ 1.2ರ ಹತ್ತಿರ ನಿಂತುಬಿಡುತ್ತದೆ. ಕಲ್ಲಿದ್ದಲಿನದ್ದೇ 1.3ರ ಮೇಲೆ. ಎಲ್ಲ ತಳಕ್ಕೆ. ಆಮೇಲೆ ನಮ್ಮ ಎರೆಮಣ್ಣು ಕಲಸಿದೆ. ಅದು ಅಂಬಲಿಯಂತೆ ಗಟ್ಟಿಯಾಗಿ, ಕಲ್ಲೂ ಇದ್ದಲೂ ನಡುವೆಯೇ ಸಿಕ್ಕಿಕೊಂಡವು. ದೊಡ್ಡ ವಾಷರಿಗಳಲ್ಲಿ (ಕಲ್ಲಿದ್ದಲು ತೊಳೆಯುವ ಘಟಕಗಳಲ್ಲಿ) ನೀರಿನ ಸಾಂದ್ರತೆ ಏರಿಸಲು ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರಿನ ಪುಡಿ ಬಳಸಿ ಅಯಸ್ಕಾಂತದಿಂದ ವಾಪಸ್ ಹಿಡಿಯುತ್ತಾರೆ. ನನ್ನಂಥವನಿಗೆ ಅಷ್ಟು ಬಂಡವಾಳ ಎಲ್ಲಿಂದ?

ಕೊನೆಗೆ ಬರೀ ನೀರಿನ ಜಿಗ್. ಗೋಕುಲ ರೋಡಿನಲ್ಲಿ ಮಾಡಿಸಿದೆ. ಹಳೆ ಗೇರ್‌ಬಾಕ್ಸ್, 2 ಎಚ್‌ಪಿ ಮೋಟಾರು ಸೇರಿ 1.75 ಲಕ್ಷದ ಆಸುಪಾಸು. ಮೊದಮೊದಲು ಏನೂ ಬೇರೆಯಾಗಲಿಲ್ಲ. ದಪ್ಪ ಇದ್ದಲು, ಸಣ್ಣ ಕಲ್ಲು ಎರಡೂ ಒಂದೇ ವೇಗದಲ್ಲಿ ಇಳಿಯುತ್ತವೆ, ಅಲ್ವಾ? ಜರಡಿ ಹಿಡಿದು 10ರಿಂದ 25 ಎಂಎಂ ಮಾಲು ಮಾತ್ರ ಹಾಕಿದ ಮೇಲೆ ದಾರಿಗೆ ಬಂತು. ಮೇಲಿನ ಪದರ ಮಿರಮಿರ ಮಿಂಚುವ ಇದ್ದಲು. ಕೆಳಗೆ ಹಾಳೆಹಾಳೆಯಾಗಿ ಬಿಡುವ ಬೂದು ಕಲ್ಲು, ಅಲ್ಲಲ್ಲಿ ಹಳದಿ ಹೊಳಪಿನ ಪೈರೈಟ್ (ಗಂಧಕ ಬೆರೆತ ಕಬ್ಬಿಣದ ಖನಿಜ). ಕುಲುಕುವ ಸ್ಟ್ರೋಕ್ ಎಷ್ಟಿಟ್ಟೆ, ನೀರು ಯಾವಾಗ ಕಟ್ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನೂರು ಕೆಜಿ ಹಾಕಿದರೆ 75ರಿಂದ 80 ಕೆಜಿ ಒಳ್ಳೆ ಮಾಲು. 815 ಡಿಗ್ರಿಯಲ್ಲಿ ಸುಟ್ಟು ತೂಗಿದಾಗ ಬೂದಿ 31ರ ಹತ್ತಿರ. ಇದ್ದಲಿನ ಬಿಲ್ಲಿನಲ್ಲೇ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರಗೆ ಹೋಗುವ ಕಲ್ಲಿನ ಜೊತೆ ಸ್ವಲ್ಪ ಶಾಖವೂ ಹೋಗುತ್ತದೆ. ಉಳಿಯುವುದು ಗ್ರೇಟ್ ಬಾರಿನಲ್ಲಿ, ಬೂದಿ ಸಾಗಿಸುವ ಟ್ರಾಕ್ಟರ್ ಬಾಡಿಗೆಯಲ್ಲಿ, ಬಾಯ್ಲರ್ ನಿಲ್ಲದಿರುವುದರಲ್ಲಿ. ಕಲ್ಲುಮಾಲನ್ನು ಇಟ್ಟಿಗೆ ಭಟ್ಟಿಯವರು ಒಯ್ಯುತ್ತಾರೆ. ಎಲ್ಲ ಕೂಡಿಸಿದರೆ ತಿಂಗಳಿಗೆ 20 ಸಾವಿರದ ಮೇಲೆಯೇ ಸಿಗುತ್ತಿದೆ. ಚಿಮಣಿ ಹೊಗೆಯೂ ತೆಳುವಾಗಿದೆ. ಇದ್ದಲಿನೊಳಗೇ ಬೆರೆತ ಗಂಧಕ ಮಾತ್ರ ತೊಳೆದರೆ ಹೋಗುವುದಿಲ್ಲ.

ನೀರೇ ದೊಡ್ಡ ತಲೆನೋವು. ಹುಬ್ಬಳ್ಳಿಯಲ್ಲಿ ಟ್ಯಾಂಕರ್ ನೀರು ಕೊಂಡು ಚೆಲ್ಲಲು ಆಗುತ್ತದೆಯೇ? ಮೂರು ತೊಟ್ಟಿ ಕಟ್ಟಿಸಿ, ಪಟಕ ಹಾಕಿ ತಿಳಿ ಮಾಡಿ ಮತ್ತೆ ಅದನ್ನೇ ತಿರುಗಿಸುತ್ತೇನೆ. ಮಳೆಗಾಲದಲ್ಲಿ ಮಾಲು ಒಣಗುವುದಿಲ್ಲ, ಆಗ ತೊಳೆಯುವುದನ್ನೇ ಬಿಡುತ್ತೇನೆ.

ರಾಯಚೂರಿನಂಥ ಕಡೆಯ ವಿದ್ಯುತ್ ಸ್ಥಾವರಕ್ಕೆ ದೂರದ ಗಣಿಯಿಂದ ರೈಲಿನಲ್ಲಿ ಬರುವುದರಲ್ಲಿ ಮೂರನೇ ಒಂದು ಪಾಲು ಕಲ್ಲುಬೂದಿಯೇ ಅಂದರೆ ಹೊಟ್ಟೆ ಉರಿಯುತ್ತದೆ. ದೂರದ ಸ್ಥಾವರಗಳಿಗೆ 34 ಪರ್ಸೆಂಟಿಗಿಂತ ಜಾಸ್ತಿ ಬೂದಿ ಇರಬಾರದು ಅಂತ 2014ರಲ್ಲಿ ಕೇಂದ್ರ ನಿಯಮ ತಂದಿತ್ತು. 2020ರಲ್ಲಿ ತೆಗೆದುಹಾಕಿತು. ನನಗದು ಸರಿ ಕಾಣಲಿಲ್ಲ. ಗಣಿ ಬಾಯಲ್ಲೇ ತೊಳೆದರೆ ಕಲ್ಲು ಹೊರುವ ವ್ಯಾಗನ್ನೂ ಉಳಿಯುತ್ತದೆ.

ಜರಡಿಯಲ್ಲಿ ಉದುರುವ ಪುಡಿಯನ್ನು ಬಕೆಟ್ಟಿನಲ್ಲಿ ಹಾಕಿ, ನಾಲ್ಕು ಹನಿ ಡೀಸೆಲ್, ಒಂದಿಷ್ಟು ಪೈನ್ ಎಣ್ಣೆ ಬೆರೆಸಿ, ಮೀನಿನ ತೊಟ್ಟಿಯ ಏರ್ ಪಂಪ್ ಬಿಟ್ಟೆ. ಇದ್ದಲು ಅಂಟಿದ ಕಪ್ಪು ನೊರೆ ಉಕ್ಕಿ ಬಂತು. ಮಣ್ಣು ಕೆಳಗೇ ಉಳಿಯಿತು. ಈಗ ಆ ನೊರೆಯ ನೀರು ಹಿಂಡುವುದಕ್ಕೆ ಹಳೆಯ ಫಿಲ್ಟರ್ ಪ್ರೆಸ್ ಹುಡುಕುತ್ತಿದ್ದೇನೆ.